ಹಲವು ಮಕ್ಕಳ ತಾಯಿ ಬೇರು

ಸರೋಜ ಚಿಕ್ಕಮ್ಮನ ವಿಷಯದಲ್ಲಿ ನಾನು ಮಾಡಿದ್ದು ಶುದ್ಧ ಮುಠ್ಠಾಳತನ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಂಡವರನ್ನೆಲ್ಲ ಅಣಕಿಸುವ ಬಾಯಿ ನನ್ನದು. ಈಗಲೂ ಮದುವೆಮನೆಗಳಲ್ಲಿ ಮೈಕು ಹಿಡಿದು ಅದೇ ಕಸುಬು. ನನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ಮಾತ್ರ ಒಬ್ಬರೂ ನಗುವುದಿಲ್ಲ. ಮೊನ್ನೆ ಚಿಂತಾಮಣಿಯಲ್ಲಿ ಗ್ರಂಥಿಗೆ ಅಂಗಡಿಯ ಮುಂದೆ ಹಾಯುವಾಗ ಒಣಬೇರಿನ ಮಣ್ಣು ವಾಸನೆ ಮೂಗಿಗೆ ಬಡಿದು, ಸಾದಲಿಯ ನಮ್ಮ ಹಳೆಯ ಮನೆ ಕಣ್ಣೆದುರು ಬಂದು ನಿಂತಿತು. ಹಜಾರದ ತುಂಬ ರೇಷ್ಮೆಹುಳುವಿನ ತಟ್ಟೆಗಳು, ಮೂಲೆಯಲ್ಲಿ ಕಾವಿಗೆ ಕೆಂಡದ ಬಾಣಲೆ. ಘಾಟು ತಗುಲಿದರೆ ಹುಳು ಕೆಡುತ್ತದೆಂದು ಅಜ್ಜಿ ಒಗ್ಗರಣೆ ಹಾಕಲೂ ಬಿಡುತ್ತಿರಲಿಲ್ಲ. ಹಾಗಾಗಿ ಚಿಕ್ಕಮ್ಮನ ಬೇರಿನ ಕಷಾಯ ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಮೂರು ಕಲ್ಲಿನ ಮೇಲೆ ಕುದಿಯುತ್ತಿತ್ತು. ಅವಳು ಅಲ್ಲೇ ನಿಂತು, ಕಣ್ಣು ಮುಚ್ಚಿ ಕುಡಿದು, ಲೋಟ ತೊಳೆದುಕೊಂಡು ಒಳಗೆ ಬರುತ್ತಿದ್ದಳು. ಮದುವೆಯಾಗಿ ಆರು ವರ್ಷವಾದರೂ ಅವಳ ಮಡಿಲು ತುಂಬಿರಲಿಲ್ಲ.

ಕೈವಾರದ ಕಡೆಯ ನಾಟಿ ಪಂಡಿತರೊಬ್ಬರಲ್ಲಿಗೆ ಅವಳ ಜೊತೆ ಹೋದವನು ಹತ್ತು ವರ್ಷದ ನಾನು. ಚಿಕ್ಕಪ್ಪನಿಗೆ ಸೊಪ್ಪು ಕೊಯ್ಯುವ ಕೆಲಸವಿತ್ತಂತೆ. ಪಂಡಿತರು ನಾಡಿ ಹಿಡಿದು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮೂಗಿನಿಂದಲೇ ರಾಗ ಎಳೆದರು: "ಒಂಟ್ಲೋ ವೇಡಿ ಅಮ್ಮಾ, ಮೈಯೆಲ್ಲ ಉಷ್ಣ. ಕೆಂಡದ ಪಕ್ಕಾನೇ ಇರ್ತೀಯ, ಹೊತ್ತಿಗೆ ಉಣ್ಣಲ್ಲ, ನಿದ್ದೆ ಇಲ್ಲ, ರಕ್ತ ಇಲ್ಲ. ಮುಟ್ಟು ಏರುಪೇರು. ಸಾಲ್ದು ಅಂತ ಮನಸ್ಸಲ್ಲಿ ಕೊರಗು ಬೇರೆ." ಹಲವು ಮಕ್ಕಳ ತಾಯಿ ಬೇರು ಎಂದು ಹೆಸರು ಹೇಳಿ ಪೊಟ್ಟಣ ಕಟ್ಟಿಕೊಟ್ಟರು. ನಾವು ಬಾಗಿಲು ದಾಟುವಾಗ ಮತ್ತೆ ಕರೆದು, ಈ ಸಲ ರಾಗವಿಲ್ಲದೆ, ಹೇಳಿದರು: "ನಾನು ಹೇಳಿದ್ದು ಅರ್ಧ ಕಣಮ್ಮ. ಮುಂದಿನ ಸಲ ನಿನ್ನ ಗಂಡನ್ನೂ ಕರ್ಕೊಂಡ್ ಬಾ. ಆಸ್ಪತ್ರೇಲೂ ಇಬ್ರೂ ತೋರಿಸ್ಕೊಳ್ಳಿ."

ಮನೆಗೆ ಬಂದೊಡನೆ ಅಜ್ಜಿ, "ಏನಂದ್ರೋ ಪಂಡಿತ್ರು?" ಎಂದು ನನ್ನನ್ನು ಕೇಳಿದಳು. ಕೇಳಬೇಕೆ! ತಲೆಗೆ ಟವೆಲು ಸುತ್ತಿ, ಅಜ್ಜಿಯ ಮಣಿಕಟ್ಟು ಹಿಡಿದು, "ಒಂಟ್ಲೋ ವೇಡಿ ಅಮ್ಮಾ" ಎಂದು ಶುರುಮಾಡಿದೆ. ಊಟ ಬಿಡುವುದು, ನಿದ್ದೆಗೆಡುವುದು, ಕೊರಗುವುದು, ಒಂದೊಂದಕ್ಕೂ ಮನೆ ಬಿದ್ದುಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಚಿಕ್ಕಪ್ಪ. ಕೊನೆಯ ಮಾತು ನಾಲಿಗೆಯ ತುದಿಗೆ ಬಂದಾಗ ಅವನ ಮುಖ ನೋಡಿದೆ. ಅದನ್ನು ಆಡಿದರೆ ನಗು ನಿಂತುಹೋಗುತ್ತದೆ ಎಂದು ಹತ್ತು ವರ್ಷಕ್ಕೇ ನನಗೆ ಗೊತ್ತಾಯಿತು, ನುಂಗಿಕೊಂಡೆ. ಆಮೇಲೆ 'ವೇಡಿ ಅಮ್ಮ' ಎಂಬುದೇ ಚಿಕ್ಕಮ್ಮನ ಹೆಸರಾಯಿತು. ಕೆಂಡದ ಪಕ್ಕದ ಕೆಲಸ ಅವಳಿಗೆ ತಪ್ಪಲಿಲ್ಲ, ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ನಾಲ್ಕನೇ ಜ್ವರ ಎದ್ದು, ಹಗಲಿರುಳು ಸೊಪ್ಪು ಮೇಯುವ ದಿನಗಳಲ್ಲಿ ನಿದ್ದೆಯೂ ಸಿಗಲಿಲ್ಲ. ಮೂರು ವರ್ಷ ಕಷಾಯ ಕುದಿಯಿತು. ಚಿಕ್ಕಪ್ಪ ಪಂಡಿತರದಾಗಲಿ ಆಸ್ಪತ್ರೆಯದಾಗಲಿ, ಯಾವ ಬಾಗಿಲಿಗೂ ಹೋಗಲಿಲ್ಲ.

ಅಜ್ಜಿ ಹೋದಳು, ಮನೆ ಪಾಲಾಗಿ ಗೋಡೆಗಳೂ ಬಿದ್ದವು. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೇ ಈಗ ಶಿಡ್ಲಘಟ್ಟದಲ್ಲಿದ್ದಾರೆ. ಆ ಬೇರಿನ ವಾಸನೆ ಕಾಡಿದ್ದಕ್ಕೆ ಮಾರನೆಯ ದಿನವೇ ಬಸ್ಸು ಹತ್ತಿದೆ. ಚಿಕ್ಕಮ್ಮ ಒಬ್ಬಳೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಕೂದಲು ಮುಕ್ಕಾಲು ನರೆತಿತ್ತು. ಪಂಡಿತರ ಕೊನೆಯ ಮಾತು ನುಂಗಿದ್ದನ್ನು ಯಾರ ದನಿಯನ್ನೂ ಎರವಲು ಪಡೆಯದೆ ತಡವರಿಸುತ್ತ ಹೇಳಿ, "ನನ್ನಿಂದಾನೇ ಹಿಂಗಾಯ್ತು ಚಿಕ್ಕಮ್ಮ" ಎಂದೆ.

ಅವಳ ಕೈ ನಿಲ್ಲಲಿಲ್ಲ.

"ಅಷ್ಟೊಂದು ದೊಡ್ಡೋನಾಗ್ಬೇಡ ಕಣಪ್ಪ. ಪಂಡಿತ್ರು ಏನಂದ್ರು ಅಂತ ಎಲ್ರೂ ನಿನ್ನ ಕೇಳಿದ್ರು. ನಾನೂ ಅಲ್ಲೇ ನಿಂತಿದ್ನಲ್ಲ, ನನ್ನ ಯಾರಾದ್ರೂ ಕೇಳಿದ್ರಾ?"