ಹರಿಹರದವರೆಗೆ ಹೊತ್ತ ಆಣೆ

ಎದುರು ಮನೆಯವಳ ನಾಲಿಗೆ ಬಿದ್ದುಹೋಗಲಿ ಎಂದು ದೇವರ ಮುಂದೆ ನಿಂತು ಕೇಳಿಕೊಳ್ಳುವುದಕ್ಕಾಗಿ ನಾನು ದಾವಣಗೆರೆಯಿಂದ ಬರಿಗಾಲಲ್ಲಿ ಹೊರಟಿದ್ದೆ. ಭಕ್ತಿಯಿಂದ ಹೊರಟೆ ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಹಾಗೆ ಬರೆಯಲು ಈಗ ಮನಸ್ಸಿಲ್ಲ. ಎಂಟು ದಿನದ ದಾರಿ ಅದು. ಹರಿಹರ, ಹೊನ್ನಾಳಿ, ಶಿವಮೊಗ್ಗ ದಾಟಿ ಘಟ್ಟ ಇಳಿಯಬೇಕು. ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಕಡೆಯವರು ಗುಂಪು ಕಟ್ಟಿಕೊಂಡು ಘಟ್ಟದ ಕೆಳಗಿನ ಸ್ವಾಮಿಯ ಕ್ಷೇತ್ರಕ್ಕೆ ಪಾದಯಾತ್ರೆ ಹೋಗುತ್ತಾರೆ. ಅಲ್ಲಿ ಸುಳ್ಳು ಆಣೆ ಇಟ್ಟವರು ಉದ್ಧಾರವಾಗುವುದಿಲ್ಲ ಎಂಬುದು ನಾವು ಹುಟ್ಟಿದಾಗಿನಿಂದ ಕೇಳಿದ ಮಾತು. ಕೋರ್ಟಿಗೆ ಹೋಗದ ಜಗಳಗಳೆಲ್ಲ ಅಲ್ಲಿಗೆ ಹೋಗುತ್ತವೆ. ನನ್ನದೂ ಅಂಥದೇ ಜಗಳ, ಆದರೆ ನಾನು ಹೋದದ್ದು ಹರಿಹರದವರೆಗೆ ಮಾತ್ರ.

ವಿನೋಬನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ. ನಮ್ಮ ಓಣಿಯಲ್ಲಿ ಯಾವುದೇ ಹುಡುಗಿಗೆ ಸಂಬಂಧ ಬಂದರೆ, ಗಂಡಿನ ಕಡೆಯವರು ಮೊದಲು ಇಬ್ಬರನ್ನು ಸುಮ್ಮನೆ ಓಣಿಗೆ ಕಳಿಸುತ್ತಾರೆ. ಅವರು ಹುಡುಗಿಯ ಮನೆಗೆ ಹೋಗುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ನಿಂತು ಕೇಳುತ್ತಾರೆ, ಇಸ್ತ್ರಿಯವನ ಹತ್ತಿರ ಕೇಳುತ್ತಾರೆ, ಆಮೇಲೆ ಟೈಲರ್ ಹತ್ತಿರ ಬರುತ್ತಾರೆ. ಹೆಂಗಸರೆಲ್ಲ ಬಂದು ಕೂತು ಮಾತಾಡುವ ಜಾಗ ನಮ್ಮದು, ನಮಗೆ ಗೊತ್ತಿಲ್ಲದ್ದು ಏನಿರುತ್ತದೆ ಎಂಬುದು ಅವರ ಲೆಕ್ಕ. ಅದು ಸರಿಯೂ ಹೌದು.

ಎದುರು ಮನೆಯ ಹುಡುಗಿಯನ್ನು ವಿಚಾರಿಸಲು ಬಂದವರು ಗಂಡ ಹೆಂಡತಿ, ವಯಸ್ಸಾದವರು. ಆ ಹುಡುಗಿಗೆ ಮೊದಲ ಲಂಗ ಹೊಲಿದವಳು ನಾನು. ಬಂಗಾರದಂಥ ಹುಡುಗಿ, ಎದುರು ಮಾತಾಡಿದವಳಲ್ಲ. ಅವಳ ಅಮ್ಮ ಮಾತ್ರ ಬೇರೆ. ಇವರು ಬರುವುದಕ್ಕೆ ಎರಡು ತಿಂಗಳ ಮೊದಲು ಆ ಅಮ್ಮನ ಅಣ್ಣನ ಮಗನ ಮದುವೆ ಇತ್ತು. ಇಷ್ಟು ವರ್ಷ ನನ್ನ ಹತ್ತಿರ ಹೊಲಿಸಿದವಳು ಐದು ಬ್ಲೌಸನ್ನೂ ಹೊಸ ಬೊಟಿಕ್‌ಗೆ ಕೊಟ್ಟಳು. ಕೊಡಲಿ, ಅವಳ ಬಟ್ಟೆ ಅವಳಿಷ್ಟ. ಆದರೆ ಆ ಬೊಟಿಕ್‌ನ ಚೀಲ ತೂಗಾಡಿಸುತ್ತ ನನ್ನ ಬಾಗಿಲ ಮುಂದೆಯೇ ಹಾದು ಹೋದಳು. ಅಷ್ಟು ಸಾಲದೆ ನನ್ನ ಗಿರಾಕಿಯೊಬ್ಬಳಿಗೆ, "ಆಕೆ ಕೈ ಈಗ ಮೊದ್ಲಿನಂಗಿಲ್ಲ ಬಿಡು" ಅಂದಳು. ಗಿರಾಕಿ ಅದನ್ನು ತಂದು ನನ್ನ ಮಷಿನ್ ಮೇಲೆ ಸುರಿದಳು. ಅವತ್ತಿನಿಂದ ಹಲ್ಲು ಕಡಿಯುತ್ತ ಕೂತಿದ್ದೆ.

ಹಾಗಾಗಿ ಆ ಗಂಡ ಹೆಂಡತಿ ಬಂದು, "ಎದುರು ಮನೆ ಹುಡುಗಿ ಹೆಂಗ್ರಿ?" ಎಂದು ಕೇಳಿದಾಗ ನಾನು ಮೊದಲು ದಾರ ಹಲ್ಲಿನಿಂದ ಕಡಿದೆ. ಸ್ವಲ್ಪ ನಕ್ಕೆ. "ಅಯ್ಯ, ನಮಗ್ಯಾಕ್ರಿ ಅದೆಲ್ಲ. ಎದುರು ಬದುರು ಇರೋರು. ನೀವೇ ನೋಡ್ಕೊಳ್ರಿ" ಅಂದು ಮಷಿನ್ ತುಳಿದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಚಹಾ ತರಿಸುತ್ತೇನೆ ಅಂದರೂ ನಿಲ್ಲಲಿಲ್ಲ.

ಸಂಬಂಧ ಮುರಿಯಿತು. ಸೊಪ್ಪಿನ ಗಾಡಿಯ ಹತ್ತಿರ ಓಣಿಯ ಹೆಂಗಸರೆಲ್ಲ ಸೇರಿದ್ದಾಗ ಹುಡುಗಿಯ ಅಮ್ಮ ನನ್ನ ಮೇಲೆ ಬಿದ್ದಳು.

"ನನ್ನ ಮಗಳ ಬಾಳಿಗೆ ಕಲ್ಲು ಹಾಕಿದಿ. ಏನು ಹೇಳಿ ಕಳ್ಸಿದಿ ಅವರಿಗೆ?"

"ಒಂದು ಕೆಟ್ಟ ಮಾತು ಆಡಿಲ್ಲ ನಾನು."

"ಆಡಿಲ್ಲಂದ್ರೆ ನಡಕೊಂಡು ಹೋಗಿ ಸ್ವಾಮಿ ಮುಂದೆ ಆಣೆ ಮಾಡು, ನೋಡ್ತೀನಿ."

"ಮಾಡ್ತೀನಿ. ಇವತ್ತೇ ಬೇಕಾದ್ರೆ ಹೊರಡ್ತೀನಿ."

ಹೀಗೆ ನಾಲ್ಕು ಜನರ ಮುಂದೆ ಒಪ್ಪಿಕೊಂಡ ಮೇಲೆ ಹಿಂದೆ ಸರಿಯುವಂತಿಲ್ಲ. ಗಂಡ, "ಬ್ಯಾಡ ಸುಮ್ನಿರು, ನಿನ್ನ ಮಂಡಿ ನೋವಿಗೆ ಅಷ್ಟು ದೂರ ಆಗಲ್ಲ" ಅಂದರು. ನಾನು ಕೇಳಲಿಲ್ಲ. ಆಣೆಯ ಮಾತುಗಳನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ: ಆ ಹುಡುಗಿಯ ಬಗ್ಗೆ ನಾನು ಒಂದು ಕೆಟ್ಟ ಮಾತು ಆಡಿದ್ದರೆ ನನ್ನ ಬಲಗೈ ಬಿದ್ದುಹೋಗಲಿ, ಆಡಿರದಿದ್ದರೆ ನನಗೆ ಕಳಂಕ ಹಚ್ಚಿದವಳ ನಾಲಿಗೆ ಬಿದ್ದುಹೋಗಲಿ. ಎಲ್ಲ ಕಡೆಯಿಂದ ಎಳೆದು ನೋಡಿದ್ದೆ, ಎಲ್ಲೂ ಹೊಲಿಗೆ ಬಿಡುತ್ತಿರಲಿಲ್ಲ. ಕೆಟ್ಟ ಮಾತು ನಾನು ಆಡಿರಲಿಲ್ಲ. ದೇವರು ಮಾತು ಹಿಡಿದು ತೀರ್ಪು ಕೊಡುವವನಾದರೆ ಗೆಲುವು ನನ್ನದೇ.

ಬೆಳಕು ಹರಿಯುವಾಗ ಹಳದಿ ಬಟ್ಟೆಯ ಗಂಟು ಹೆಗಲಿಗೆ ಹಾಕಿಕೊಂಡು ಹರಿಹರದ ರಸ್ತೆ ಹಿಡಿದೆ. ಮುಂದೆ ಹಿಂದೆ ಪಾದಯಾತ್ರಿಗಳ ಗುಂಪುಗಳಿದ್ದವು. ನಾನು ಯಾರ ಜೊತೆಗೂ ಸೇರಲಿಲ್ಲ, ಭಜನೆ ನನಗೆ ಬೇಕಿರಲಿಲ್ಲ. ಪ್ರತಿ ಹೆಜ್ಜೆಗೂ ಅವಳನ್ನು ಬೈಯುತ್ತಿದ್ದೆ. ಅವಳ ನಾಲಿಗೆ ಬಿದ್ದ ಮೇಲೆ ಸೊಪ್ಪಿನವನ ಹತ್ತಿರ ಹೇಗೆ ಚೌಕಾಶಿ ಮಾಡುತ್ತಾಳೆ, ಕೈಸನ್ನೆ ಮಾಡುತ್ತಾಳೋ ಎಂದು ಕಣ್ಣಿಗೆ ಕಟ್ಟಿಕೊಂಡು ನಗುತ್ತಿದ್ದೆ. ಕಾಲು ಉರಿಯುವುದು ಗೊತ್ತೇ ಆಗಲಿಲ್ಲ.

ತೊಂದರೆ ಕೊಟ್ಟವರು ದಾರಿಯ ಜನ. ಸಿಟ್ಟನ್ನು ಬಿಸಿಯಾಗಿ ಇಟ್ಟುಕೊಂಡು ನಡೆಯೋಣವೆಂದರೆ ಬಿಡುತ್ತಿರಲಿಲ್ಲ. ಒಬ್ಬ ಆಟೊದವನು ಗಾಡಿ ನಿಲ್ಲಿಸಿ ಇಳಿದು ನನ್ನ ಕಾಲು ಮುಟ್ಟಿದ. ಶಾಮಿಯಾನದ ಕೆಳಗೆ ಕೂತ ಗಂಡಸರು ಮಂಡಕ್ಕಿ ಒಗ್ಗರಣೆ ಕೊಟ್ಟು, "ತಿನ್ರಿ ಅಮ್ಮಾರೆ, ಇನ್ನಾ ದೂರ ಐತೆ" ಅಂದರು. ಹೆಂಗಸರು ಮಜ್ಜಿಗೆಯ ಲೋಟ ಹಿಡಿದು ಓಡಿ ಬಂದು, "ಯಾರ ಸಲುವಾಗಿ ಹರಕೆ?" ಎಂದು ಕೇಳುತ್ತಿದ್ದರು. ಹರಕೆ ಬಾಯಿಬಿಟ್ಟು ಹೇಳಬಾರದೆಂಬ ಪದ್ಧತಿ ಇದೆ, ಅದು ನನಗೆ ಅನುಕೂಲವಾಯಿತು. ಸುಮ್ಮನೆ ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನೇ ಭಕ್ತಿ ಅಂದುಕೊಂಡು ಕಣ್ಣು ತುಂಬಿಕೊಳ್ಳುತ್ತಿದ್ದರು. ನಾವು ಹೋಗಲಾಗುವುದಿಲ್ಲ, ನಮ್ಮ ಹೆಸರಲ್ಲಿ ಇದನ್ನು ಸ್ವಾಮಿಗೆ ಮುಟ್ಟಿಸಿ ಎಂದು ಅಕ್ಕಿಕಾಳು, ಅಡಿಕೆ ಕಟ್ಟಿದ ಸಣ್ಣ ಮುಡುಪುಗಳನ್ನು ಕೈಗಿಡುತ್ತಿದ್ದರು. ಒಬ್ಬಳದು ಮಗುವಿನ ಮಾತಿಗೆ, ಒಬ್ಬಳದು ಅತ್ತೆಯ ಕಣ್ಣಿಗೆ. ಹರಿಹರ ಕಾಣುವ ಹೊತ್ತಿಗೆ ನನ್ನ ಗಂಟಿನಲ್ಲಿ ಏಳು ಮುಡುಪುಗಳಿದ್ದವು. ನನ್ನ ಕೆಲಸಕ್ಕೆ ಹೊರಟವಳು ಊರವರ ಕೆಲಸ ಹೊತ್ತುಕೊಂಡಿದ್ದೇನಲ್ಲ ಎಂದು ಅವರ ಮೇಲೂ ರೇಗಿತು.

ಪಕ್ಕದ ಗುತ್ತೂರಿನ ಹೆಂಗಸೊಬ್ಬಳು, ನಾನು ಅಕ್ಕ ಎಂದು ಕರೆದವಳು, ಸಿಕ್ಕಿದ್ದು ಆಗ. ಹರಿಹರದ ಅಂಚಿನಲ್ಲಿ ಕೊಡ ಇಟ್ಟುಕೊಂಡು ಯಾತ್ರಿಗಳಿಗೆ ನೀರು ಕೊಡುತ್ತಿದ್ದಳು. ನಾನು ಕುಂಟುವುದನ್ನು ನೋಡಿ ಗಂಟು ಕಿತ್ತುಕೊಂಡಳು.

"ಈ ಬಿಸಿಲಾಗೆ ಎಲ್ಲಿಗೆ ಹೋಗ್ತೀರಿ? ನಮ್ಮನೀಗೆ ಬರ್ರಿ, ಇವತ್ತು ಇದ್ದು ನಾಳೆ ಬೆಳಿಗ್ಗೆ ಹೋಗೀರಂತೆ."

ಅವಳ ಗಂಡ ಫ್ಯಾಕ್ಟರಿಯ ಪಾಳಿಗೆ ಹೋಗಿದ್ದ. ಮನೆಯಲ್ಲಿ ಅವಳು, ಅವಳ ಮಗಳು. ಅವಳು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಬೇಡವೆಂದರೂ ಕೇಳದೆ ಹಿತ್ತಾಳೆ ತಟ್ಟೆಯಲ್ಲಿ ನನ್ನ ಕಾಲು ಇಟ್ಟು ತೊಳೆದಳು. ಬೊಬ್ಬೆಗೆ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚಿದಳು. ನನ್ನ ಕಾಲನ್ನು ನನ್ನ ತಾಯಿ ಬಿಟ್ಟರೆ ಇನ್ನೊಬ್ಬರು ಹಾಗೆ ಹಿಡಿದದ್ದು ನೆನಪಿಲ್ಲ. ಆ ಹೊತ್ತಿನಲ್ಲಿ ಎದುರು ಮನೆಯವಳು ತಲೆಯಿಂದ ಹೊರಟೇ ಹೋಗಿದ್ದಳು. ಮಗಳು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ತಂದಿಟ್ಟು ಒಳಗೆ ಹೋದಳು.

"ಚಂದದ ಹುಡುಗಿ. ಎಲ್ಲಾದ್ರೂ ಗಂಡು ನೋಡಿರೇನು?" ಎಂದು ಕೇಳಿದೆ. ಮನೆಯಲ್ಲಿ ಉಂಡವರು ಕೇಳುವ ಮಾತು, ಬೇರೆ ಯೋಚನೆ ಇರಲಿಲ್ಲ.

ಅಕ್ಕ ನನ್ನ ಕಾಲು ಒರೆಸುತ್ತಿದ್ದ ಬಟ್ಟೆ ಹಿಂಡಿದಳು. "ಕೂಡಿತ್ತು. ದಿನ ನೋಡೋದು ಒಂದೇ ಬಾಕಿ. ಕಡಿಗೆ ಪಕ್ಕದ ಮನೆಯಾಕೀನ ಕೇಳಾಕೆ ಬಂದ್ರಂತೆ. ಆಕಿ ನಕ್ಕಳಂತೆ. 'ನಮಗ್ಯಾಕ್ರಿ, ನೀವೇ ತಿಳ್ಕೊಳ್ರಿ' ಅಂದ್ಲಂತೆ. ಅಲ್ಲಿಗೆ ಮುಗೀತು. ಆಮ್ಯಾಲೆ ಬಂದೋರೂ ಅದನ್ನ ಕೇಳ್ಕೊಂಡು ವಾಪಸ್ ಹೋದ್ರು."

ಮುರಿದ ರೊಟ್ಟಿಯನ್ನು ಬಾಯಿಗಿಟ್ಟುಕೊಂಡೆ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಅದರಾಗೆ ಕೆಟ್ಟ ಮಾತು ಏನೈತಕ್ಕಾ?" ಎಂದು ಕೇಳಿಯೇ ಬಿಟ್ಟೆ. ಹೌದು, ಏನೂ ಇಲ್ಲ ಎಂದು ಅವಳು ಅಂದುಬಿಡಲಿ ಎಂದು ಕಾಯುತ್ತಿದ್ದೆ.

"ಕೆಟ್ಟ ಮಾತು ಆಡಿದ್ರೆ ಚಲೋ ಇತ್ತು" ಅಂದಳು ಅಕ್ಕ. "ಹುಡುಗಿ ಓಡಿ ಹೋಗಿದ್ಲು ಅಂದಿದ್ರೆ, ಇಲ್ಲ ಅಂತ ತೋರಿಸ್ತಿದ್ದೆ. ರೋಗ ಐತೆ ಅಂದಿದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ದೆ. ಏನೂ ಅನ್ನಲಿಲ್ಲ ನೋಡು, ಅದನ್ನ ಹೆಂಗೆ ಸುಳ್ಳು ಅಂತ ತೋರಿಸ್ಲಿ? ಕೇಳಿದೋರು ಅವರವರೇ ಏನೇನೋ ಅಂದ್ಕೊಂಡ್ರು."

ಆಮೇಲೆ ಅವಳೂ ಒಂದು ಮುಡುಪು ಕಟ್ಟಿದಳು. ಅಕ್ಕಿ ಹಾಕಲಿಲ್ಲ. ಒಲೆಯ ಬೂದಿ, ಒಂದು ಒಣಮೆಣಸಿನಕಾಯಿ ಹಾಕಿ ಬಿಗಿಯಾಗಿ ಗಂಟು ಬಿಗಿದಳು. ನನ್ನ ಕಾಲು ತೊಳೆದ ಅದೇ ಕೈಗಳಿಂದ ಅದನ್ನು ನನ್ನ ಕೈಗಿಟ್ಟಳು.

"ಹೆಸರು ಹೇಳಬ್ಯಾಡ ತಂಗೀ. ದೇವರಿಗೆ ಗೊತ್ತೈತೆ. ಹೆಣ್ಣುಮಗಳ ಬಗ್ಗೆ ಹಂಗಂದ ಬಾಯಿ ಯಾವುದೇ ಇರ್ಲಿ, ಎಲ್ಲೇ ಇರ್ಲಿ, ಅದು ಅನ್ನದ ರುಚಿ ಕಾಣಬಾರದು. ಇಷ್ಟು ಕೇಳ್ಕೊಂಡು ಬಾ. ನೀ ಬರಿಗಾಲಾಗೆ ಹೊಂಟಾಕಿ, ನಿನ್ನ ಮಾತು ಕೇಳ್ತಾನೆ."

ಅದೇ ಬಾಯಿಂದ ಹೂಂ ಅಂದೆ. ಅದೇ ಬಾಯಲ್ಲಿ ಅವಳ ರೊಟ್ಟಿ ಇತ್ತು. ನನಗೆ ಮೊದಲು ಆದದ್ದು ಭಯ. ನಾಚಿಕೆ ಬಂದದ್ದು ಆಮೇಲೆ, ಅದನ್ನೂ ಹೇಳಿಬಿಡುತ್ತೇನೆ.

ಬೆಳಿಗ್ಗೆ ಹೊಳೆಯ ದಂಡೆಗೆ ಹೋದೆ. ಯಾತ್ರಿಗಳು ಸ್ನಾನ ಮುಗಿಸಿ ಹೊರಡುತ್ತಿದ್ದರು. ನನ್ನ ಆಣೆಯನ್ನು ಇನ್ನೊಮ್ಮೆ ಬಿಚ್ಚಿ ನೋಡಿದೆ. ಮಾತು ಈಗಲೂ ಸರಿಯಾಗಿಯೇ ಇತ್ತು, ಸುಳ್ಳು ಎಲ್ಲೂ ಇರಲಿಲ್ಲ. ಆದರೆ ಆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡಾಗ ನನ್ನ ಹೊಟ್ಟೆಯೊಳಗೆ ತಣ್ಣಗಾಗಿತ್ತು, ಆ ಸುಖ ನನಗೆ ಚೆನ್ನಾಗಿ ನೆನಪಿತ್ತು. ಒಂದೇ ಗಂಟಿನಲ್ಲಿ ನನ್ನ ಆಣೆಯನ್ನೂ ಅಕ್ಕನ ಶಾಪವನ್ನೂ ಹೊತ್ತು ಏಳು ದಿನ ನಡೆಯುವ ಧೈರ್ಯ ನನಗಿರಲಿಲ್ಲ.

ಲೋಕಿಕೆರೆಯ ಕಡೆಯ ಹೆಂಗಸರ ಗುಂಪೊಂದು ಸಿಕ್ಕಿತು. ಅವರಲ್ಲಿ ಹಿರಿಯಳಿಗೆ ಕಾಲಿನ ಬೊಬ್ಬೆ ತೋರಿಸಿ, ಮುಂದೆ ಹೋಗಲಾಗುವುದಿಲ್ಲ, ಈ ಮುಡುಪುಗಳನ್ನು ಮುಟ್ಟಿಸುತ್ತೀರಾ ಎಂದು ಕೇಳಿದೆ. ಆಕೆ ಮರುಮಾತಿಲ್ಲದೆ ಸೆರಗು ಒಡ್ಡಿದಳು. "ನಿಮ್ಮದೂ ಒಂದು ಕೈ ಮುಗೀತೀನಿ ಬಿಡ್ರಿ, ಕಾಲು ನೋವಿಗೆ ದೇವರು ಸಿಟ್ಟಾಗಲ್ಲ" ಅಂದಳು. ಏಳನ್ನು ಕೊಟ್ಟೆ. ಎಂಟನೆಯದು ಮುಷ್ಟಿಯಲ್ಲಿತ್ತು. ಹೊಳೆ ಎರಡು ಮಾರು ದೂರ. ಎಸೆದಿದ್ದರೆ ನೋಡುವವರು ಯಾರೂ ಇರಲಿಲ್ಲ, ಅಕ್ಕನಿಗೆ ಎಂದೂ ತಿಳಿಯುತ್ತಿರಲಿಲ್ಲ. ಎಸೆಯಲೆಂದು ಕೈಯನ್ನೂ ಎತ್ತಿದೆ. ಆದರೆ ಅವಳು ನನ್ನ ಕಾಲು ತೊಳೆದಿದ್ದಳು. ಅದನ್ನೂ ಕೊಟ್ಟೆ, ಅಕ್ಕ ಹೇಳಿದ ಮಾತುಗಳನ್ನು ಒಂದೂ ಬಿಡದೆ ಹೇಳಿಕೊಟ್ಟೆ.

"ಯಾವಳೋ ಪಾಪಿ" ಅಂದಳು ಆ ಹಿರಿಯಳು.

"ಹೌದ್ರಿ" ಅಂದೆ.

ಅವತ್ತೇ ಹರಿಹರದ ಬಸ್ಸಿನಲ್ಲಿ ಹಿಂದಿರುಗಿ ಓಣಿಯ ಬಾಯಲ್ಲೇ ಇಳಿದೆ. ನಾನು ಓಣಿಯೊಳಗೆ ಕುಂಟುತ್ತ ಬರುವಾಗ ಎದುರು ಮನೆಯವಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು ಎದ್ದು ನಿಂತಳು. "ನೋಡ್ರೇ, ಹರಿಹರದಾಗೇ ದೇವರು ಸಿಕ್ಕನಂತೆ ಈಕೀಗೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾತು." ಅಕ್ಕಪಕ್ಕದ ಬಾಗಿಲಿನವರು ನಕ್ಕರು. ಆಗಲೂ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಇಲ್ಲವೆನ್ನುವುದಿಲ್ಲ. ಬೊಬ್ಬೆ ತೋರಿಸಿದ್ದರೆ ಅರ್ಧ ಓಣಿ ನನ್ನ ಕಡೆ ಆಗುತ್ತಿತ್ತು. ತೋರಿಸಲಿಲ್ಲ. ಅವಳ ಕಟ್ಟೆಯ ಹತ್ತಿರ ಹೋಗಿ, ಅವತ್ತು ಆ ಗಂಡ ಹೆಂಡತಿಗೆ ನಾನು ಹೇಳಿದ್ದನ್ನು ನಕ್ಕದ್ದರ ಸಮೇತ ಹೇಳಿದೆ.

ಅವಳ ನಗು ನಿಂತಿತು. "ಯಾಕ? ನನ್ನ ಮಗಳು ನಿನಗೇನು ಮಾಡಿದ್ಲು?"

"ಆಕಿ ಏನೂ ಮಾಡಿಲ್ಲ. ನೀ ಬ್ಲೌಸ್ ಬೇರೆ ಕಡೆ ಕೊಟ್ಟಿ. ನನ್ನ ಕೈ ಮೊದ್ಲಿನಂಗಿಲ್ಲ ಅಂದಿ."

ಬಾಯಿಗೆ ಬಂದಂತೆ ಬೈಯುತ್ತಾಳೆ, ನಾನೂ ಎರಡು ಬೈದು ಹಗುರಾಗುತ್ತೇನೆ ಎಂದು ತಯಾರಾಗಿ ನಿಂತಿದ್ದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೀಪಾವಳಿ ಕಳೆದ ಮೇಲೆ ಆ ಹುಡುಗಿಗೆ ಬೇರೆ ಸಂಬಂಧ ಕೂಡಿಬಂತು. ಈ ಸಲ ವಿಚಾರಿಸಲು ಬಂದವರು ಕಿರಾಣಿ ಅಂಗಡಿಯಲ್ಲಿ ಕೇಳಿ, ಇಸ್ತ್ರಿಯವನ ಹತ್ತಿರ ಕೇಳಿ, ನನ್ನ ಅಂಗಡಿಯ ಮುಂದೆ ನಿಲ್ಲದೆ ಹೋದರು. ಕೇಳಿದ್ದರೆ ಒಳ್ಳೆಯದನ್ನೇ ಹೇಳುತ್ತಿದ್ದೆ. ಅದನ್ನು ನಂಬುವವರು ಯಾರು?

ಲಗ್ನಪತ್ರಿಕೆ ಹಂಚಲು ತಾಯಿ ಮಗಳು ಇಬ್ಬರೂ ಹೊರಟರು. ಮಗಳ ಕೈಯಲ್ಲಿ ಕುಂಕುಮದ ಬಟ್ಟಲು, ತಾಯಿಯ ಕೈಯಲ್ಲಿ ಪತ್ರಿಕೆಗಳು. ನನ್ನ ಎಡಗಡೆಯ ಮನೆಗೆ ಹೋಗಿ ಬಂದರು. ನಾನು ಮಷಿನ್ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತೆ. ಹುಡುಗಿ ಅಭ್ಯಾಸಬಲದಿಂದ ನನ್ನ ಹೊಸ್ತಿಲ ಕಡೆ ತಿರುಗಿದಳು. ತಾಯಿ ಅವಳ ಮೊಣಕೈ ಹಿಡಿದು ಮುಂದಕ್ಕೆ ನಡೆಸಿಕೊಂಡು ಬಲಗಡೆಯ ಮನೆಗೆ ಹೋದಳು. ನಾನು ಕೂತು ಮತ್ತೆ ಮಷಿನ್ ತುಳಿದೆ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಹಾಗೆಯೇ ಮಾಡುತ್ತಿದ್ದೆ.