ಜೋಮು ಹಿಡಿದ ಕೈ

ಬಂಗಾಳಿಯಲ್ಲಿ ಯಮನಿಗೆ ‘ಜೋಮ್’ ಅನ್ನುತ್ತಾರೆ. ಕೊಲ್ಕತ್ತಾದಲ್ಲಿ ಇಪ್ಪತ್ತೈದು ವರ್ಷ ಸಂಸಾರ ಮಾಡಿದ ನನ್ನ ಅಮ್ಮನಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕುತ್ತಿಗೆಗೆ ಐಡಿ ಕಾರ್ಡು ಬಿದ್ದದ್ದೇ ನೆಲ ಕಾಣದಷ್ಟು ಸೊಕ್ಕು ಬಂದಿತ್ತು ನನಗೆ. ಆ ವರ್ಷ ಅಮ್ಮ ಹೋಗುತ್ತಾ ಬರುತ್ತಾ ಬಲಗಡೆಯ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದಳು. “ಬಾಗ್ಲು ಅಲ್ಲೇ ಇದೆ ಅಮ್ಮ, ಅದಕ್ಕೆ ಜಾಗ ಬಿಡು” ಎಂದು ನಾನು ತಮಾಷೆ ಮಾಡುತ್ತಿದ್ದೆ.

ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ಏರಿ ಬಲಗಣ್ಣು ಆಗಲೇ ಮುಕ್ಕಾಲು ಹೋಗಿತ್ತು. ಉಳಿಸಿಕೊಳ್ಳಬೇಕಾದದ್ದು ಎಡಗಣ್ಣು. ಅದಕ್ಕೆ ಆಪರೇಷನ್ ಆಗಬೇಕು, ಆದರೆ ಅಮ್ಮನ ಶುಗರ್ ಇಳಿಯಲು ಹತ್ತು ದಿನ ಬೇಕು. ಅಲ್ಲಿಯವರೆಗೆ ಒತ್ತಡ ಹಿಡಿದಿಡಲು ದಿನಕ್ಕೆ ಮೂರು ಅಸೆಟಜೋಲಮೈಡ್ ಮಾತ್ರೆ.

ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಮೂರು ಮಾತು ಹೇಳಿದರು. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಬಾಳೆಹಣ್ಣು ತಿನ್ನಲಿ. ಬೆರಳು, ತುಟಿ ಜುಮ್ಮೆನ್ನುತ್ತವೆ, ಅದಕ್ಕೆ ಹೆದರಿ ಮಾತ್ರೆ ಮಾತ್ರ ಬಿಡಬಾರದು. ಮೂರನೆಯದನ್ನು ಹೇಳುವಾಗಲೇ ಆಫೀಸ್ ಕ್ಯಾಬ್ ಡ್ರೈವರನ ಫೋನ್ ಬಂತು. ಮೆಟ್ಟಿಲಿಳಿಯುತ್ತಾ ನಾನು ಅಮ್ಮನಿಗೆ ಮೊದಲಿನ ಎರಡೇ ಹೇಳಿದೆ.

“ಅಷ್ಟೇನಾ?” ಎಂದಳು.

“ಅಷ್ಟೇ. ಬೇಗ ಇಳಿ, ಕ್ಯಾಬ್ ಹೊರಟ್ಹೋಗತ್ತೆ.”

ಮಾತ್ರೆಯ ಮೇಲೆ ಅಮ್ಮನಿಗೆ ಮೊದಲ ದಿನವೇ ಅನುಮಾನ. ಇದನ್ನು ಫಿಟ್ಸಿಗೂ ಮೈಯಲ್ಲಿ ನೀರು ತುಂಬಿದವರಿಗೂ ಕೊಡುತ್ತಾರೆ ಎಂದು ಔಷಧದಂಗಡಿಯವನು ಬಾಯಿ ಬಿಟ್ಟಿದ್ದ. “ನಂಗೆ ಫಿಟ್ಸೂ ಇಲ್ಲ, ಮೈಯೂ ಊದಿಲ್ಲ. ಯಾರದೋ ಮಾತ್ರೆ ನಂಗೆ ಬರ್ದಿದಾರೆ ಕಣೇ” ಎಂದಳು. ನಾನು ನಕ್ಕುಬಿಟ್ಟೆ.

ಮುಂದಿನದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ಮೂರನೆಯ ದಿನ ಮಧ್ಯಾಹ್ನ ಅಮ್ಮ ವರಾಂಡದಲ್ಲಿ ಕೂತು ಲೇಕ್ ಮಾರ್ಕೆಟ್ಟಿನಿಂದ ತಂದ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳಂತೆ. ಜೊತೆಗೆ ಕೆಳಮನೆಯ ಬಂಗಾಳಿ ಮುದುಕಿ, ನಾವು ಮಾಶಿಮಾ ಅನ್ನುತ್ತಿದ್ದವರು. ಅಮ್ಮನ ಬೆರಳುಗಳಿಗೆ ಜೋಮು ಹತ್ತಿತು. ಅಮ್ಮನ ಬಂಗಾಳಿ ಎಂದರೆ ಮೈಸೂರಿನ ಕನ್ನಡಕ್ಕೇ ಬಂಗಾಳಿ ಸೀರೆ ಉಡಿಸಿದ್ದು. ‘ಹಿಡಿದಿದೆ’ಗೆ ‘ಧೋರೆಛೆ’ ಎಂದು ಗೊತ್ತಿತ್ತು, ಜೋಮಿಗೆ ಅವರು ‘ಝಿಂಝಿ’ ಅನ್ನುತ್ತಾರೆಂದು ಗೊತ್ತಿರಲಿಲ್ಲ. ಹಾಗಾಗಿ ಕೈ ಕೊಡವುತ್ತಾ, “ಹಾತೇ ಜೋಮ್ ಧೋರೆಛೆ” ಎಂದಳು.

ಕೈಯನ್ನು ಯಮ ಹಿಡಿದಿದ್ದಾನೆ!

“ಓ ಮಾ ಗೋ!” ಎಂದು ಮಾಶಿಮಾ ಬೇಳೆಯ ಮೊರ ಪಕ್ಕಕ್ಕೆ ತಳ್ಳಿ ಎದ್ದರಂತೆ. ಯಾವಾಗಿನಿಂದ ಎಂದು ಕೇಳಿದರು. ಮಾತ್ರೆ ಶುರುವಾದಾಗಿನಿಂದ, ಕಾಲಿಗೂ ಬರುತ್ತದೆ, ತುಟಿಗೂ ಬರುತ್ತದೆ ಎಂದಳು ಅಮ್ಮ. ಜೋಮ್ ಎಂದರೆ ಯಾರು ಎಂದು ಮಾಶಿಮಾ ಕೈಮುಗಿದು ಬಿಡಿಸಿ ಹೇಳಿದರು. ಅಮ್ಮ ಮೊದಲು ನಕ್ಕಳಂತೆ. ಸಂಜೆಯ ಮಾತ್ರೆ ನುಂಗಿ ತುಟಿ ಮತ್ತೆ ಜುಮ್ಮೆಂದಾಗ ನಗು ಬರಲಿಲ್ಲ. ಅಪ್ಪ ಹೋದ ದಿನ ಬೆಳಿಗ್ಗೆಯೂ ಕೈ ಜೋಮು ಹಿಡಿದಿದೆ ಎಂದೇ ಹೇಳಿದ್ದರು. ಅದು ಅವಳಿಗೆ ನೆನಪಾಯಿತು. ಉಳಿದ ಮಾತ್ರೆಗಳನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟುಬಿಟ್ಟಳು.

ಐದನೆಯ ದಿನ ಆಫೀಸಿಗೆ ಫೋನ್ ಮಾಡಿ, “ಜೋಮು ಹೋಯ್ತು ಕಣೇ, ಈಗ ಆರಾಮಾಗಿದೀನಿ” ಎಂದಳು. ಯಾವ ಜೋಮು ಎಂದು ನಾನು ಕೇಳಬೇಕಿತ್ತು. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಒಳ್ಳೇದಾಯ್ತು” ಎಂದೆ. ಆ ‘ಒಳ್ಳೇದಾಯ್ತು’ ಈಗಲೂ ನನ್ನ ಕಿವಿಯಲ್ಲಿದೆ.

ಏಳನೆಯ ದಿನ ದೀಪ ಹಚ್ಚಿದಾಗ ಬಲ್ಬಿನ ಸುತ್ತ ಕಾಮನಬಿಲ್ಲು ಕಾಣುತ್ತಿದೆ ಎಂದಳು. ಚೆನ್ನಾಗಿದೆ ಎಂದೂ ಸೇರಿಸಿದಳು. ಎಂಟನೆಯ ದಿನ ಬೆಳಿಗ್ಗೆ ತಲೆ ಹಿಡಿದುಕೊಂಡು ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದಳು. ಎಡಗಣ್ಣು ಕೆಂಪಾಗಿ ಕಲ್ಲಿನಂತಾಗಿತ್ತು.

ಟ್ಯಾಕ್ಸಿಯಲ್ಲಿ ಕರೆದೊಯ್ದೆ. ಡಾಕ್ಟರು ಒತ್ತಡ ನೋಡಿ, ಮಾತ್ರೆ ಯಾವಾಗ ನಿಲ್ಲಿಸಿದಿರಿ ಎಂದರು. ನಿಲ್ಲಿಸಿಲ್ಲ ಎಂದು ನಾನು ಅವರ ಮೇಲೆಯೇ ರೇಗಿ, “ಮಾತ್ರೆ ನುಂಗ್ತಿದೀಯಲ್ಲಮ್ಮ?” ಎಂದೆ. ಅಮ್ಮ ಮೆಲ್ಲಗೆ ನಾಲ್ಕು ಬೆರಳು ಎತ್ತಿ ತೋರಿಸಿದಳು, ನಾಲ್ಕನೆಯ ದಿನದಿಂದ ಬಿಟ್ಟಿದ್ದಳು. ಅಂದೇ ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿದ ಮೇಲೆ ಕಿಟಕಿ ಎಲ್ಲಿದೆ ಎಂದು ಕೇಳಿದರೆ ಬೆಳಕಿನ ದಿಕ್ಕಿಗೆ ಕೈ ತೋರಿಸುತ್ತಿದ್ದಳು. ಅದಕ್ಕಿಂತ ಹೆಚ್ಚು ಬರಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿ, “ಜುಮ್ಮೆನ್ನುತ್ತದೆ, ಹೆದರಬೇಡಿ ಅಂತ ನಾನು ಹೇಳಿದ್ದೆನಲ್ಲ?” ಎಂದು ಇಂಗ್ಲಿಷಿನಲ್ಲೇ ಕೇಳಿದರು.

“ಏನಂತಾರೆ ಅವ್ರು?” ಎಂದಳು ಅಮ್ಮ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ ಈ ಸಲ ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಮಾತ್ರೆಗೆ ಜೋಮು ಬಂದೇ ಬರುತ್ತದಂತೆ ಅಮ್ಮ, ಹೆದರಬಾರದಂತೆ, ಬಿಡಬಾರದಂತೆ.



“ಇಷ್ಟನ್ನ ಆವತ್ತೇ ಹೇಳಿದ್ರೆ ನುಂಗ್ತಿದ್ನಲ್ಲೇ” ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗೆನ್ನುವಾಗ ಅವಳು ಮುಖ ತಿರುಗಿಸಿದ್ದು ಗೋಡೆಯ ಕಡೆಗೆ. ನಾನು ಇನ್ನೊಂದು ಪಕ್ಕದಲ್ಲಿ ನಿಂತಿದ್ದೆ.