ಖಾಲಿ ಸೀಟಿನ ಅಳತೆ

ನಮ್ಮ ಮನೆಯವರ ಹೆಸರು ಕಾಟಪ್ಪ. ಅವರಿದ್ದಾಗ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ. ತೋವಿನಕೆರೆಯಲ್ಲಿ ಇಪ್ಪತ್ತೆಂಟು ವರ್ಷ ಸೈಕಲ್ ಶಾಪು ಇಟ್ಟಿದ್ದರು. ಹೋದ ವರ್ಷ ಕಾರ್ತಿಕದಲ್ಲಿ ಎದೆನೋವು ಬಂದು ಹೋದರು.

ಪಂಚರ್ ಯಾರು ಬೇಕಾದರೂ ಹಾಕುತ್ತಾರೆ. ಇವರ ಹತ್ತಿರ ಜನ ಬರುತ್ತಿದ್ದುದು ಹ್ಯಾಂಡಲ್ ಸರಿಮಾಡಿಸಿಕೊಳ್ಳಲು. ಟೇಪು ಹಿಡಿಯುತ್ತಿರಲಿಲ್ಲ. ಬಂದವರ ಮೊಣಕೈಯನ್ನು ಸೀಟಿನ ಮೂತಿಗೆ ಇಡಿಸಿ, ಬೆರಳ ತುದಿ ಹ್ಯಾಂಡಲ್ಲಿಗೆ ತಾಗುತ್ತದೋ ಇಲ್ಲವೋ ನೋಡುವರು. ಆಮೇಲೆ ಸೀಟಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಕೈ ಚಾಚು ಅನ್ನುವರು. ಕೈ ಎಲ್ಲಿ ನಿಂತಿತೋ ಹ್ಯಾಂಡಲ್ ಅಲ್ಲಿಗೆ ಬರಬೇಕು. ಮುದ್ದೆಗೆ ಹಿಟ್ಟು ತೊಳಸುವಾಗ ಮೊಣಕೈ ಎಷ್ಟು ಬಗ್ಗಿರುತ್ತದೋ ಅಷ್ಟು ಬಗ್ಗಿರಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಒಂದು ಸಲ ಐ.ಡಿ.ಹಳ್ಳಿಯ ಹಾಲಿನವನು ಬಂದಿದ್ದ. "ಕಾಟಣ್ಣ, ಹ್ಯಾಂಡಲ್ ಕೆಳಗಿಳ್ಸು, ಸ್ಟೈಲಾಗಿರ್ಲಿ" ಅಂದ.

"ಸ್ಟೈಲು ನೋಡೋರು ರೋಡಲ್ಲಿರ್ತಾರೆ ಕಣ್ಲಾ. ಸೊಂಟ ನೋಯೋದು ನಿಂದು" ಅಂದರು. ಇಳಿಸಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಒಂದು ಮಧ್ಯಾಹ್ನ ಊಟ ತೆಗೆದುಕೊಂಡು ಶಾಪಿಗೆ ಹೋದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಹಳೆಯ ಲೇಡೀಸ್ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿಕೊಂಡು ಇವರು ಮಾತಾಡುತ್ತಿದ್ದರು.

"ಇನ್ನೊಂಚೂರು ಮುಂದಕ್ಕೆ ಬಾ. ಬಲಗೈ ಬರಾಕಿಲ್ವಾ? ಬುಡು, ಎಳೀಬ್ಯಾಡ, ನೋಯ್ತದೆ. ನಾನೇ ಹತ್ರಕ್ಕೆ ತತ್ತೀನಿ."

ಸೀಟಿನ ಸ್ಪ್ರಿಂಗು ಒತ್ತಿಕೊಂಡಿತ್ತು. ಅವರು ಕೈಯಲ್ಲಿ ಒತ್ತಿರಬಹುದು ಅಂದುಕೊಂಡೆ. ಆದರೆ ಅವರ ಎರಡು ಕೈಗಳೂ ಹ್ಯಾಂಡಲ್ ಮೇಲಿದ್ದವು.

"ಯಾರ್ ಜೊತೆ ಮಾತು?" ಅಂದೆ.

"ಗಿರಾಕಿ."

"ಯಾವ ಗಿರಾಕಿ? ಬಿಸ್ಲು ತಲೆಗೇರೈತೆ. ಬಂದು ಉಣ್ಣಿ."

ಅವರು ನಗಲಿಲ್ಲ. ನಾನು ಆ ಸೈಕಲ್ ನೋಡಿದೆ. ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದ್ದರು. ಹ್ಯಾಂಡಲ್ಲಿನ ಬಲಗಡೆಯ ಹಿಡಿಯನ್ನು ಕಾಯಿಸಿ ಒಳಕ್ಕೆ ಬಗ್ಗಿಸಿದ್ದರು. ಎಡಗಡೆ ನೆಟ್ಟಗಿತ್ತು.

"ಇಂಥ ಸೊಟ್ಟ ಸೈಕಲ್ ಯಾರ್ ತಗಂತಾರೆ?"

"ಬತ್ತಾಳೆ" ಅಂದರು. ಸಂಜೆ ಅದನ್ನು ತಳ್ಳಿಕೊಂಡು ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಕಾರ್ತಿಕದಲ್ಲಿ ಹೋಗಿಬಿಟ್ಟರು. ಯಾರೂ ಬರಲಿಲ್ಲ.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಸತ್ತವರು ದುಡಿದ ಸಾಮಾನನ್ನು ವರ್ಷದ ಎಡೆ ಇಡುವವರೆಗೆ ಯಾರೂ ಮುಟ್ಟುವಂತಿಲ್ಲ. ಬೋಲ್ಟು ತಿರುಗಿಸುವ ಅವರ ಪಾನಾ, ಸುತ್ತಿಗೆ ಎಲ್ಲ ಗೋಣಿಚೀಲದಲ್ಲಿ ಕಟ್ಟಿಟ್ಟೆ.

ನಾನು ನಾಲ್ಕು ಕಿಲೋಮೀಟರ್ ಆಚೆಯ ಹಟ್ಟಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಆ ಹೊತ್ತಿಗೆ ಬಸ್ಸಿಲ್ಲ, ನನ್ನ ಸೈಕಲ್ಲೇ ಗತಿ. ಅವರು ಹೋದಮೇಲೆ ಮನೆ ನಡೆಯುವುದು ಆ ಕೆಲಸದಿಂದ. ಸಂಕ್ರಾಂತಿಯ ಮಾರನೆಯ ದಿನ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದೆ. ಬಲ ಮೊಣಕೈ ಮುರಿಯಿತು. ನಾಟಿ ಕಟ್ಟು ಕಟ್ಟಿಸಿದೆ. ಶಿವರಾತ್ರಿ ಕಳೆದು ಬಿಚ್ಚಿದಾಗ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಪೂರ್ತಿ ಚಾಚಲು ಬರಲಿಲ್ಲ.

ಶಾಲೆಯ ಶ್ರೀಲತಾ ಮೇಡಂ ಫೋನ್ ಮಾಡಿದರು. "ಕ್ಯಾತಮ್ಮ, ಸೋಮವಾರದಿಂದ ಬರ್ದೆ ಇದ್ರೆ ಬೇರೆಯವರನ್ನ ಹಾಕ್ತಾರೆ. ನನ್ನ ಕೈಲೇನೂ ಇಲ್ಲಮ್ಮ."

ನನ್ನ ಸೈಕಲ್ ಹತ್ತಿದೆ. ಬಲಗೈ ಹ್ಯಾಂಡಲ್ಲಿಗೆ ಎಟುಕಲಿಲ್ಲ. ಎರಡು ಮಾರು ಹೋಗಿ ಬೇಲಿಗೆ ಬಿದ್ದೆ.

ಮಗಳು ಗಂಗಾಲಕ್ಷ್ಮಿ ಎಬ್ಬಿಸಿದಳು. "ಅವ್ವ, ಕೊಟ್ಟಿಗೇಲಿ ಅಪ್ಪ ಮಾಡಿಟ್ಟಿರೋದು ಐತಲ್ಲ, ಅದನ್ನ ನೋಡು."

"ಅದು ಯಾರ್ದೋ."

"ಯಾರೂ ಬರ್ಲಿಲ್ವಲ್ಲ. ಕುಂತ್ಕಾ ಸುಮ್ನೆ."

ಕೂತೆ. ಅವರು ಹೇಳುತ್ತಿದ್ದ ಹಾಗೆ ಕಣ್ಣು ಮುಚ್ಚಿ ಕೈ ಚಾಚಿದೆ. ಎಡಗೈಗೆ ಹಿಡಿ ಸಿಕ್ಕಿತು. ಬಲಗೈ ಬಗ್ಗಿದ ಹಾಗೇ ಹೋಗಿ ಹಿಡಿಯ ಮೇಲೆ ಕೂತಿತು. ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಇಲ್ಲ. ಕೊಟ್ಟಿಗೆಯ ನೆರಳಿನಲ್ಲಿ ಎಂಟು ತಿಂಗಳು ನಿಂತಿದ್ದ ಸೈಕಲ್ಲು. ಬಲಗಡೆಯ ಹಿಡಿ ಬಿಸಿಯಾಗಿತ್ತು, ಈಗ ತಾನೇ ಯಾರೋ ಕೈ ತೆಗೆದ ಹಾಗೆ.

ಮಗಳು ಚಪ್ಪಾಳೆ ತಟ್ಟಿದಳು. ನನಗೆ ಉಚ್ಚೆ ಬರುವ ಹಾಗಾಯಿತು.

ಆ ರಾತ್ರಿ ಉಣ್ಣಲಿಲ್ಲ. ಭಯಕ್ಕಿಂತ ಸಿಟ್ಟು ಹೆಚ್ಚಿತ್ತು. ನನ್ನ ಕೈ ಮುರಿಯುವುದು ಅವರಿಗೆ ಮೊದಲೇ ಕಂಡಿದ್ದರೆ, ಬಚ್ಚಲ ಕಲ್ಲು ಉಜ್ಜು ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹಿಡಿ ಬಗ್ಗಿಸಿದರು.

ಸೋಮವಾರ ಅದೇ ಸೈಕಲ್ಲಿನಲ್ಲಿ ಶಾಲೆಗೆ ಹೋದೆ. ಕೆಲಸ ಉಳಿಯಿತು.

ದಸರಾ ಕಳೆದಮೇಲೆ ನಡ ಮೊದಲಿನಷ್ಟು ಬಗ್ಗದೆ, ಹ್ಯಾಂಡಲ್ ತಗ್ಗಾಗಿ ಕತ್ತು ಹಿಡಿದುಕೊಳ್ಳತೊಡಗಿತು. ಶಾಲೆ ತಲುಪುವ ಹೊತ್ತಿಗೆ ಬೆರಳು ಜೋಮು ಹಿಡಿದು ಸೌಟು ಜಾರುತ್ತಿತ್ತು. ಒಂದು ದಿನ ಸಾರಿನ ಪಾತ್ರೆ ಬೀಳಿಸಿಬಿಟ್ಟೆ. ಮಕ್ಕಳ ಮೇಲೆ ಬಿದ್ದಿದ್ದರೆ ಅಂತ ಮೇಡಂ ಮುಖ ಬಿಳಿಚಿತು. ಇನ್ನೊಂದು ಸಲ ಹೀಗಾದರೆ ಬಿಡಿಸುತ್ತಾರೆ ಅಂತ ನನಗೆ ಗೊತ್ತಾಯಿತು. ಸೈಕಲ್ ಸರಿಮಾಡಿಸಲೇಬೇಕು. ಎಡೆಯವರೆಗೆ ಅವರ ಪಾನಾ ಬಿಚ್ಚುವಂತಿಲ್ಲ, ಅವರು ಕೂರಿಸಿದ ಹ್ಯಾಂಡಲ್ಲಿಗೆ ಬೇರೆ ಪಾನಾ ಹಾಕಿಸಲು ಮನಸ್ಸಿಲ್ಲ. ಕಾರ್ತಿಕದವರೆಗೆ ಹಲ್ಲು ಕಚ್ಚಿ ತುಳಿದೆ.

ವರ್ಷದ ಎಡೆಗೆ ಕೊರಟಗೆರೆಯಿಂದ ಶಂಕರಲಿಂಗಪ್ಪ ಬಂದಿದ್ದರು. ಅವರೂ ಸೈಕಲ್ ಕೆಲಸದವರು, ನಮ್ಮ ಮನೆಯವರ ಹಳೆಯ ಸ್ನೇಹಿತರು. ಊಟ ಆದಮೇಲೆ ಗೋಣಿಚೀಲ ಬಿಚ್ಚಿ ಪಾನಾ ಅವರ ಕೈಗೆ ಕೊಟ್ಟೆ. ಹ್ಯಾಂಡಲ್ ಎತ್ತರ ಮಾಡಿಕೊಡಿ ಅಂದೆ.

ಅವರು ಮೇಲಿನ ಬೋಲ್ಟು ಸಡಿಲಿಸಿ, ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ತಟ್ಟಿದರು. ಗ್ರೀಸ್ ಹಚ್ಚಲು ಹ್ಯಾಂಡಲ್ಲನ್ನು ಅದರ ಪೈಪಿನ ಸಮೇತ ಹೊರಗೆ ಎಳೆದರು. ಒಳಗಿದ್ದ ಪೈಪಿನ ಮೇಲೆ ಮೊಳೆಯಲ್ಲಿ ಗೀರಿದ ಗೆರೆಗಳಿದ್ದವು, ಒಂದರ ಕೆಳಗೊಂದು.

"ಇದು ಕಾಟನ ಗೀರು. ಬೆಳೆಯೋ ಮಕ್ಳ ಸೈಕಲ್‌ಗೆ ಹಾಕ್ತಿದ್ದ, ವರ್ಷಕ್ಕೊಂದು. ಅಷ್ಟಷ್ಟೇ ಮೇಲಕ್ಕೆತ್ತಲಿ ಅಂತ." ಶಂಕರಲಿಂಗಪ್ಪ ನಕ್ಕರು. "ನೀನೇನ್ ಇನ್ನೂ ಬೆಳೀತೀಯಾ ಅತ್ಗೆ?"

"ನಡ ಬಗ್ಗಲ್ಲ ನಂಗೆ. ಬೆಳೆಯೋದೆಲ್ಲಿ ಬಂತು."

"ಅದೂ ದಿಟವೇ. ವಯಸ್ಸಾದಂಗೆ ನಡ ಬಗ್ಗಾಕಿಲ್ಲ, ಹ್ಯಾಂಡಲ್ ಮೇಲಕ್ಕೆ ಬರ್ಬೇಕು..." ಅಂದವರು ಪೈಪು ತಿರುಗಿಸಿ ನೋಡಿದರು. ಇದಕ್ಕಿಂತ ಮೇಲೆ ಎತ್ತಬಾರದು ಅಂತ ಕಂಪನಿಯವರು ಹಾಕುವ ಗೆರೆ ಪೈಪಿನ ಕೆಳತುದಿಯಲ್ಲಿತ್ತು. ಕೊನೆಯ ಗೀರಿನಿಂದ ಅದಕ್ಕೆ ಇನ್ನೂ ಮೂರು ಬೆರಳು ಜಾಗವಿತ್ತು. ಅಲ್ಲಿ ಪೈಪು ನುಣ್ಣಗಿತ್ತು.

"ಇನ್ನೂ ಎತ್ಬೌದಿತ್ತಲ್ಲ, ಇಲ್ಲಿಗ್ಯಾಕೆ ನಿಲ್ಲಿಸ್ಬುಟ್ಟ?" ಅಂದರು. ಅಂದಮೇಲೆ ನನ್ನ ಮುಖ ನೋಡಲಿಲ್ಲ.

"ಮೊದಲ್ನೇ ಗೀರಿಗೆ ನಿಲ್ಸಿ. ಬಿಗಿ ಮಾಡಿ" ಅಂದೆ.

ಮಾಡಿದರು. ಪೈಪು ಒಳಗೆ ಹೋಗುವ ಮುಂಚೆ ನಾನು ಗೀರುಗಳನ್ನು ಎಣಿಸಿದೆ, ವರ್ಷಕ್ಕೊಂದರ ಲೆಕ್ಕದಲ್ಲಿ. ಎಷ್ಟು ಅಂತ ಗಂಗಾಲಕ್ಷ್ಮಿಗೆ ಹೇಳಿಲ್ಲ.

ಬೆಳಿಗ್ಗೆ ಶಾಲೆಗೆ ಹೋದೆ. ಕತ್ತು ನೋಯಲಿಲ್ಲ.